ಹುಡುಕಿದರೆ ಸಿಗದ ಚಕ್ಕುಲಿ ಒರಳು

ಆಗುವುದಿಲ್ಲ ಎಂದವರು ನಮ್ಮ ದೊಡ್ಡಪ್ಪ. ಒಂದು ವಿಷಯಕ್ಕಲ್ಲ, ಎರಡಕ್ಕೆ. ನಾನು ಬಿ.ಕಾಂ.ಗೆ ಸೇರಿದಾಗ, "ನಮ್ಮ ಮನೇಲಿ ಡಿಗ್ರಿ ಅನ್ನೋದು ಆಗೋ ಮಾತಲ್ಲಮ್ಮ, ಸುಮ್ನೆ ಕಣ್ಣು ಹಾಳು ಮಾಡ್ಕೋಬೇಡ" ಎಂದರು. ಆಮೇಲೆ, ಅಪ್ಪ ಮಾಡಿದ ಚಕ್ಕುಲಿ ಒರಳನ್ನು ಆನ್‌ಲೈನಿನಲ್ಲಿ ಮಾರುತ್ತೇವೆ ಎಂದು ಹೇಳಿದಾಗ, "ಫೋನೊಳಗೆ ಅಂಗಡಿ ಇಟ್ಕೊಂಡು ಯಾರು ಬದುಕಿದ್ದಾರೆ? ಅದೂ ಆಗಲ್ಲ ಬಿಡು" ಎಂದರು.

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅದೇ ಹೆಚ್ಚು ಚುಚ್ಚುತ್ತಿತ್ತು. ದೊಡ್ಡಪ್ಪ ದೆಹಲಿಯ ಚಾಣಕ್ಯಪುರಿಯ ಕಡೆ ದೊಡ್ಡ ಅಧಿಕಾರಿಗಳ ಕಾರು ಓಡಿಸುವ ಡ್ರೈವರ್. ಓದಿದವರು ಹೇಗಿರುತ್ತಾರೆಂದು ವರ್ಷಗಟ್ಟಲೆ ಕಾರಿನ ಕನ್ನಡಿಯಲ್ಲಿ ನೋಡಿದವರು. "ಹಿಂದಿನ ಸೀಟಲ್ಲಿ ಕೂರೋ ಮುಖಾನೇ ಬೇರೆ ಇರತ್ತೆ" ಎಂದು ನನ್ನ ಮುಖ ನೋಡಿಕೊಂಡೇ ಹೇಳುತ್ತಿದ್ದರು. ನಮ್ಮ ಅಪ್ಪನನ್ನು ತುಮಕೂರಿನ ಕಡೆಯಿಂದ ದೆಹಲಿಗೆ ಕರೆತಂದವರೂ ಅವರೇ. ಹಾಗಾಗಿ ಅವರ ಮಾತಿಗೆ ನಮ್ಮ ಮನೆಯಲ್ಲಿ ಎದುರು ಮಾತಿರಲಿಲ್ಲ. ನಾನೂ ಎದುರಾಡಲಿಲ್ಲ. ಓದಿದೆ, ಅಷ್ಟೇ. ಭಾನುವಾರದ ತರಗತಿಗಳ ದೂರಶಿಕ್ಷಣದ ಬಿ.ಕಾಂ. ಅದು. ಅದನ್ನು ಡಿಗ್ರಿಯೆಂದೇ ಲೆಕ್ಕಕ್ಕೆ ತೆಗೆದುಕೊಳ್ಳದವರಿದ್ದಾರೆಂದು ನನಗೆ ಗೊತ್ತು. ಅವರು ಒಂದು ವರ್ಷ ಓದಿ ನೋಡಲಿ.

ಅಪ್ಪ ಓದಿದ್ದು ಏಳನೆಯ ತರಗತಿ. ಲೇತ್ ಯಂತ್ರದಲ್ಲಿ ಕಬ್ಬಿಣ ಕಡೆಯುವ ಟರ್ನರ್. ಬಹಳ ವರ್ಷ ದೆಹಲಿಯ ಹೊರಗಿನ ಮಾನೇಸರ್‌ನಲ್ಲಿ, ಕಾರುಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ, ಗುತ್ತಿಗೆಯ ಕೆಲಸ. ನಮ್ಮ ಮನೆ ಫರೀದಾಬಾದ್‌ನಲ್ಲಿ. ದಿನಾ ಓಡಾಡುವ ದೂರವಲ್ಲ. ಅಪ್ಪ ಅಲ್ಲೇ ಏಳೆಂಟು ಜನರ ಜೊತೆ ಒಂದು ಕೋಣೆಯಲ್ಲಿದ್ದು, ಭಾನುವಾರ ಮಾತ್ರ ಮನೆಗೆ ಬರುತ್ತಿದ್ದರು. ಬಂದವರು ಊಟ ಮಾಡಿ ಮಲಗಿಬಿಡುತ್ತಿದ್ದರು. ಚಿಕ್ಕವಳಿದ್ದಾಗ ಅಪ್ಪ ಎಂದರೆ ಮಲಗಿರುವ ಮನುಷ್ಯ ಎಂದುಕೊಂಡಿದ್ದೆ.

ನಾನು ಬಿ.ಕಾಂ. ಕೊನೆಯ ವರ್ಷಕ್ಕೆ ಬಂದಾಗ ಕಾರ್ಖಾನೆಯವರು ಗುತ್ತಿಗೆ ಮುಗಿಯಿತು ಎಂದರು. ಅಪ್ಪ ಚೀಲ ಹಿಡಿದು ಮನೆಗೆ ಬಂದರು. ನಮ್ಮ ಬೀದಿಯ ಹಿಂದೆ ಶೆಡ್ ಇಟ್ಟುಕೊಂಡಿದ್ದ ಹರಿಯಾಣದ ಮುದುಕರೊಬ್ಬರು, ಎಲ್ಲರೂ ಚಾಚಾ ಎನ್ನುತ್ತಿದ್ದರು, ತಮ್ಮ ಹಳೆಯ ಲೇತನ್ನು ಅಪ್ಪನಿಗೆ ಬಿಟ್ಟುಕೊಟ್ಟರು. "ದೀಪಾವಳಿವರೆಗೆ ಇರಲಿ. ಅಷ್ಟರಲ್ಲಿ ಏನಾದರೂ ನಡೆದರೆ ನಿನ್ನದೇ, ಇಲ್ಲದಿದ್ದರೆ ಮಾರ್ತೀನಿ" ಎಂದು ಹಿಂದಿಯಲ್ಲಿ ಹೇಳಿದ್ದರು.

ಆ ಲೇತಿನಲ್ಲಿ ಅಪ್ಪ ಮೊದಲು ಮಾಡಿದ್ದು ಅಮ್ಮನಿಗೊಂದು ಚಕ್ಕುಲಿ ಒರಳು. ಸ್ಟೀಲಿನ ದಪ್ಪ ಕೊಳವೆ, ಮೇಲೆ ತಿರುಗಿಸುವ ಹಿಡಿ, ಕೆಳಗೆ ಬದಲಾಯಿಸುವ ಬಿಲ್ಲೆಗಳು. ಹಿಟ್ಟು ತುಂಬಿ ತಿರುಗಿಸಿದರೆ ಸಾಕು, ಒತ್ತಬೇಕಿಲ್ಲ. ಅಮ್ಮನ ಮಣಿಕಟ್ಟು ನೋಯುತ್ತಿತ್ತು ಎಂದು ಹಾಗೆ ಮಾಡಿದ್ದು. ಪಕ್ಕದ ಮನೆಯ ಭಾಭಿ ನೋಡಿ ತನಗೂ ಬೇಕೆಂದಳು. ಅವಳ ತಂಗಿ, ತಂಗಿಯ ನಾದಿನಿ ಎಲ್ಲರೂ ಕೇಳಿದರು. ಆಗ ನಾನು ಹೇಳಿದೆ, ಆನ್‌ಲೈನಿನಲ್ಲಿ ಹಾಕೋಣ ಎಂದು.

ಅಪ್ಪ ಮಾನೇಸರ್‌ಗೆ ವಾಪಸ್ ಹೋಗಬಾರದು. ನನಗಿದ್ದ ಆಸೆ ಅದೊಂದೇ. ದೀಪಾವಳಿಯೊಳಗೆ ಒರಳು ನಡೆದುಬಿಟ್ಟರೆ ಅಪ್ಪ ಮನೆಯಲ್ಲೇ ಉಳಿಯುತ್ತಾರೆ. ಅಮ್ಮ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಸಂಜೆ ನಾಲ್ಕು ಗಂಟೆಗೆ ಇಬ್ಬರಿಗೆ ಚಹಾ ಇಡುವುದು ಅಭ್ಯಾಸ ಮಾಡಿಕೊಂಡಿದ್ದಳು.

ಮೊದಲ ಪಾಠ ಹೆಸರಿನದು. ನಾನು ಮೊದಲು ಇಂಗ್ಲಿಷಿನಲ್ಲಿ ಬರೆದದ್ದು ಬರೀ 'ಚಕ್ಕುಲಿ ಪ್ರೆಸ್' ಎಂದು. ಒಂದು ವಾರ ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಭಾಭಿಯ ಹತ್ತಿರ ಹೋಗಿ, ಇದನ್ನು ಕೊಳ್ಳಬೇಕೆಂದರೆ ಫೋನಿನಲ್ಲಿ ಏನೆಂದು ಹುಡುಕುತ್ತೀರಿ ಎಂದು ಕೇಳಿದೆ. "ಸೇವ್ ಮಶೀನ್, ಔರ್ ಕ್ಯಾ?" ಎಂದಳು. ದೆಹಲಿಯಲ್ಲಿ ಅದು ಸೇವ್ ಮಶೀನ್, ಮುಂಬಯಿಯಲ್ಲಿ ಚಕಲಿ ಸಾಚಾ, ಚೆನ್ನೈಯಲ್ಲಿ ಮುರುಕ್ಕು ಮೇಕರ್. ನಾವು ನಮ್ಮ ವಸ್ತುವನ್ನು ಏನೆಂದು ಕರೆಯುತ್ತೇವೆ ಎಂಬುದಕ್ಕೆ ಅಲ್ಲಿ ಬೆಲೆಯಿಲ್ಲ. ಹುಡುಕುವವರು ಟೈಪ್ ಮಾಡುವ ಹೆಸರು ನಮ್ಮ ಶೀರ್ಷಿಕೆಯಲ್ಲಿ ಇರಬೇಕು, ಇಲ್ಲದಿದ್ದರೆ ಆ ಹುಡುಕಾಟಕ್ಕೆ ನಾವು ಇಲ್ಲವೇ ಇಲ್ಲ. ಎಲ್ಲ ಹೆಸರುಗಳನ್ನೂ ಸಾಲಾಗಿ ಜೋಡಿಸಿದೆ. ಅಪ್ಪನಿಗೆ ಓದಿ ಹೇಳಿದಾಗ ಅವರು ಲೇತ್ ನಿಲ್ಲಿಸಿದರು.

"ಒಂದು ಒರಳಿಗೆ ಇಷ್ಟೊಂದು ಹೆಸರಾ? ಪೊಲೀಸ್ ಸ್ಟೇಷನ್ನಲ್ಲಿ ಕಳ್ಳನಿಗೆ ಬರೆದಿರ್ತಾರಲ್ಲ, ಹಂಗಾಯ್ತು."

"ಹಂಗೇ ಅಪ್ಪ. ಯಾವ ಹೆಸರಲ್ಲಿ ಹುಡುಕಿದ್ರೂ ಸಿಕ್ಕಿಬೀಳಬೇಕು."

"ಮಶೀನ್ ಅಂತ ಬರೀಬೇಡ. ಇದಕ್ಕೆ ಮೋಟರ್ ಇಲ್ಲ, ಏನಿಲ್ಲ. ಆಮೇಲೆ ಯಾರಾದ್ರೂ ಪ್ಲಗ್ ಎಲ್ಲಿ ಅಂತ ಕೇಳ್ತಾರೆ."

ಮಶೀನ್ ಎಂದೂ ಬರೆದೆ. ಯಾರೋ ಪ್ಲಗ್ ಎಲ್ಲಿ ಎಂದು ಕೇಳಿದರು ಕೂಡ. ಒರಳನ್ನು ಹಿಂದಿರುಗಿಸಿದರು.

ಹಿಂದಿರುಗಿಸಿದ್ದು ದೊಡ್ಡ ಏಟು ಎಂದು ಆಗ ಗೊತ್ತಾಯಿತು. ಆ ಆನ್‌ಲೈನ್ ಮಾರುಕಟ್ಟೆಯನ್ನು ನಡೆಸುವುದು ಮನುಷ್ಯನಲ್ಲ, ಕಂಪ್ಯೂಟರಿನ ಒಂದು ಲೆಕ್ಕ. ಅದು ಎಲ್ಲವನ್ನೂ ನೋಡುತ್ತಿರುತ್ತದೆ. ಎಷ್ಟು ಜನರಿಗೆ ನಮ್ಮ ಒರಳನ್ನು ತೋರಿಸಿದೆ, ಅವರಲ್ಲಿ ಎಷ್ಟು ಜನ ಚಿತ್ರ ಒತ್ತಿ ಒಳಗೆ ಬಂದರು, ಬಂದವರಲ್ಲಿ ಎಷ್ಟು ಜನ ಕೊಂಡರು, ಕೊಂಡವರಲ್ಲಿ ಎಷ್ಟು ಜನ ವಾಪಸ್ ಕೊಟ್ಟರು. ನೋಡಿ ಕೊಳ್ಳದೆ ಹೋದರೆ ನಮಗೆ ಒಂದು ಮೆಟ್ಟಿಲು ಕೆಳಗೆ. ಕೊಂಡು ಇಟ್ಟುಕೊಂಡರೆ ಒಂದು ಮೆಟ್ಟಿಲು ಮೇಲೆ. ಸಾಮಾನು ಖಾಲಿಯಾಗಿ ಎರಡು ದಿನ 'ಲಭ್ಯವಿಲ್ಲ' ಎಂದು ತೋರಿಸಿದರೆ, ಅಲ್ಲಿಯವರೆಗೆ ಏರಿದ್ದು ನೀರಿಗೆ ಹೋಯಿತು. ಇದರ ಪೂರ್ತಿ ನಿಯಮ ಯಾರಿಗೂ ಗೊತ್ತಿಲ್ಲ. ಎಲ್ಲೂ ಬರೆದಿಟ್ಟಿಲ್ಲ. ಮಾರುವವರ ವಾಟ್ಸಾಪ್ ಗುಂಪೊಂದಿತ್ತು. ಅಲ್ಲಿ ಒಬ್ಬ, ಹೊಸ ಸಾಮಾನನ್ನು ಮೊದಲ ಕೆಲವು ವಾರ ಅದೇ ಕೈಹಿಡಿದು ನಡೆಸುತ್ತದೆ ಎನ್ನುತ್ತಿದ್ದ. ಇನ್ನೊಬ್ಬ, ಮಂಗಳವಾರ ಬೆಲೆ ಬದಲಿಸಬೇಡಿ ಎನ್ನುತ್ತಿದ್ದ. ಜ್ಯೋತಿಷಿಗಳ ಗುಂಪಿಗೂ ಅದಕ್ಕೂ ವ್ಯತ್ಯಾಸವಿರಲಿಲ್ಲ. ಬಿ.ಕಾಂ. ಪುಸ್ತಕದಲ್ಲಿ ಬೇಡಿಕೆ ಮತ್ತು ಪೂರೈಕೆಯ ಗೆರೆಗಳು ಒಂದನ್ನೊಂದು ದಾಟುವ ಚಿತ್ರವಿತ್ತು. ಹುಡುಕಾಟದ ಒಂಬತ್ತನೆಯ ಪುಟದಲ್ಲಿ ಬಿದ್ದಿರುವ ಸಾಮಾನಿನ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಹೌದು, ನಾವು ಒಂಬತ್ತನೆಯ ಪುಟದಲ್ಲಿದ್ದೆವು. ಮೊದಲ ಪುಟದ ಮೇಲಿನ ಸಾಲು ಜಾಹೀರಾತಿಗೆ ದುಡ್ಡು ಕೊಟ್ಟವರದು. ಅದರ ಕೆಳಗಿನದು ಮಾರುಕಟ್ಟೆಯವರ ಸ್ವಂತ ಗೋದಾಮಿನಲ್ಲಿ ಸಾಮಾನು ಇಟ್ಟವರದು, ಏಕೆಂದರೆ ಅವರದು ಮಾರನೆಯ ದಿನವೇ ಮನೆ ಮುಟ್ಟುತ್ತದೆ. ಒಂಬತ್ತನೆಯ ಪುಟದವರೆಗೆ ಯಾರು ಬರುತ್ತಾರೆ? ದಾರಿ ತಪ್ಪಿದವರು, ಇಲ್ಲವೆ ಸ್ಪರ್ಧಿಗಳು.

ಅಪ್ಪ ಮಾತ್ರ ಇದನ್ನು ಒಪ್ಪುತ್ತಿರಲಿಲ್ಲ. "ನೀನು ಸರಿಯಾಗಿ ನೋಡಿಲ್ಲ. ನನ್ನ ಫೋನಲ್ಲಿ ನಮ್ದೇ ಫಸ್ಟು." ಕೈ ಒರೆಸಿಕೊಂಡು ಫೋನು ತೋರಿಸಿದರು. ನಿಜಕ್ಕೂ ಮೊದಲನೆಯದಾಗಿ ನಮ್ಮ ಒರಳೇ ಇತ್ತು. ಒಂದು ಕ್ಷಣ ನಾನೂ ನಂಬಿಬಿಟ್ಟೆ. ಆಮೇಲೆ ಕೇಳಿದೆ, "ಅಪ್ಪ, ನೀವು ದಿನಾ ಇದನ್ನ ಹುಡುಕಿ ನೋಡ್ತೀರಾ?"

"ಬೆಳಿಗ್ಗೆ ಎದ್ದ ತಕ್ಷಣ. ದೇವರ ಫೋಟೋ ನೋಡಿದ ಮೇಲೆ ಇದನ್ನೇ ನೋಡೋದು. ಒತ್ತಿ, ಚಿತ್ರ ದೊಡ್ಡದು ಮಾಡಿ, ಎಲ್ಲಾ ನೋಡಿ ಮುಚ್ತೀನಿ. ಚಾಚಾಗೂ ಹೇಳಿಕೊಟ್ಟಿದ್ದೀನಿ."

ಆ ಲೆಕ್ಕಕ್ಕೆ ಅಪ್ಪನಿಗೆ ಏನು ಇಷ್ಟ ಎಂದು ಗೊತ್ತಾಗಿಬಿಟ್ಟಿತ್ತು. ಅದಕ್ಕೇ ಅಪ್ಪನಿಗೆ ಮಾತ್ರ ಮೊದಲು ತೋರಿಸುತ್ತಿತ್ತು. ಜೊತೆಗೆ, ದಿನವೂ ಬಂದು ನೋಡಿ ಕೊಳ್ಳದೆ ಹೋಗುವ ಗಿರಾಕಿ ಎಂದೂ ಬರೆದುಕೊಳ್ಳುತ್ತಿತ್ತೇನೋ. ನಾನು ವಿವರಿಸಿದೆ. ಅಪ್ಪ ಫೋನನ್ನು ಜೇಬಿಗೆ ಹಾಕಿಕೊಂಡರು. "ಚಲೋ, ನೋಡಲ್ಲ ಬಿಡು" ಎಂದರು. ಮಾರನೆಯ ಬೆಳಿಗ್ಗೆ ಅಮ್ಮನ ಫೋನಿನಲ್ಲಿ ನೋಡುತ್ತಿದ್ದರು.

ನಿಧಾನಕ್ಕೆ ಏರಿದೆವು. ಚಿತ್ರ ಬದಲಾಯಿಸಿದೆ. ಬಿಳಿ ಬೆಡ್‌ಶೀಟಿನ ಮೇಲೆ ಒರಳು, ಪಕ್ಕದಲ್ಲಿ ಅಮ್ಮ ಸುತ್ತಿದ ಚಕ್ಕುಲಿ, ಭಾಭಿ ಒತ್ತಿದ ಸೇವ್. ವಿದ್ಯುತ್ ಬೇಕಿಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆದ ಮೇಲೆ ವಾಪಸಾಗುವುದು ನಿಂತಿತು. ಚಾಚಾರ ಟೆಂಪೋದಲ್ಲಿ ಡಬ್ಬಗಳನ್ನು ಗುರುಗ್ರಾಮದ ಆಚೆ ಇದ್ದ ಮಾರುಕಟ್ಟೆಯವರ ಗೋದಾಮಿಗೆ ಕಳಿಸಿದೆವು. ಏಳನೆಯ ಪುಟ, ಐದನೆಯ ಪುಟ. ನಾಗಪುರದ ಯಾರೋ ಹೆಂಗಸು ಹಿಂದಿಯಲ್ಲಿ ಬರೆದಿದ್ದರು, ಅತ್ತೆಗೆ ಕೊಡಿಸಿದೆ, ಕೈ ನೋಯುವುದಿಲ್ಲ ಎನ್ನುತ್ತಾರೆ ಎಂದು. ಅದನ್ನು ಅಪ್ಪ ನನ್ನಿಂದ ಮತ್ತೆ ಮತ್ತೆ ಓದಿಸಿದರು. "ಕೈ ನೋಯಲ್ಲ ಅಂದ್ಳಾ? ಅಚ್ಛಾ. ಅದಕ್ಕೇ ಮಾಡಿದ್ದು ಅದು" ಎನ್ನುತ್ತಿದ್ದರು. ಇಡೀ ದೇಶದಲ್ಲಿ ಒಬ್ಬಳಿಗೆ ಅರ್ಥವಾಯಿತಲ್ಲ ಎಂಬ ಹಾಗೆ.

ನವರಾತ್ರಿಯ ಹೊತ್ತಿಗೆ ಎರಡನೆಯ ಪುಟಕ್ಕೆ ಬಂದೆವು. ಉತ್ತರದವರೂ ದೀಪಾವಳಿಗೆ ಮನೆಯಲ್ಲಿ ನಮ್ಕೀನ್ ಎಂಬ ಖಾರದ ತಿಂಡಿ ಮಾಡುತ್ತಾರೆ. ಹುಡುಕುವವರು ಹೆಚ್ಚಾಗುವ ಸಮಯ. ಅಪ್ಪ ಚಾಚಾರ ಶೆಡ್ಡಿನಲ್ಲಿ ಹಾಡು ಗುನುಗುವುದನ್ನು ನಾನು ಮೊದಲ ಸಲ ಕೇಳಿದ್ದು ಆಗ. ಇನ್ನೊಂದು ಪುಟ, ಅಷ್ಟೇ.

ಆಯುಧಪೂಜೆಗೆ ದೊಡ್ಡಪ್ಪ ಬಂದರು. ಲೇತಿಗೆ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಡಬ್ಬಗಳ ರಾಶಿ ನೋಡಿದರು. ನಾನು ಎರಡನೆಯ ಪುಟ ತೋರಿಸಿದೆ. ದೊಡ್ಡಪ್ಪನ ಮುಖ ಕೆಂಪಾಯಿತು. ಸಂತೋಷಕ್ಕೇ.

"ಏನೋ ತಮ್ಮಾ, ನನಗೆ ಬೋಣಿ ಮಾಡೋಕೆ ಕರೀಲೇ ಇಲ್ವಲ್ಲೋ ನೀನು? ಒಡಹುಟ್ಟಿದೋನು ಅಂಗಡಿ ತೆಗೆದು ನಾನು ಕೈಯಾರೆ ಒಂದು ಸಾಮಾನೂ ತಗೊಂಡಿಲ್ಲ ಅಂದ್ರೆ ನಮ್ಮ ಕ್ವಾರ್ಟರ್ಸ್‌ನೋರು ಏನಂತಾರೆ?"

"ಅಣ್ಣ, ನಿಂಗೆ ಒಂದು ಹಂಗೇ ಕೊಡ್ತೀನಿ, ತಗೊಂಡು ಹೋಗು."

"ಬಿಟ್ಟಿ ತಗೊಂಡ್ರೆ ಬೋಣಿ ಆಗತ್ತಾ? ಸುಮ್ನಿರು."

ನಮ್ಮವರಲ್ಲಿ ಯಾರು ಅಂಗಡಿ ತೆಗೆದರೂ ಮೊದಲು ಮನೆಯವರು, ಆಮೇಲೆ ಊರಿನವರು ಹೋಗಿ ಏನಾದರೂ ಕೊಂಡು ಬರಬೇಕು. ಬೇಕಿರಲಿ ಬೇಡವಿರಲಿ. ದೆಹಲಿಯಲ್ಲಿರುವ ಕನ್ನಡದವರು ಇದನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ. ಇಲ್ಲಿ ನಮ್ಮವರು ಎನ್ನಲು ಇರುವವರೇ ಅಷ್ಟು ಜನ. ಮುಂದಿನ ಭಾನುವಾರ ದೊಡ್ಡಪ್ಪ ತಮ್ಮ ಸ್ಟಾಫ್ ಕ್ವಾರ್ಟರ್ಸ್‌ನಲ್ಲಿ ಮನೆಮನೆಗೂ ಹೋದರು. ಡ್ರೈವರುಗಳು, ಅಡುಗೆಯವರು, ಮಾಲಿಗಳು, ಇಬ್ಬರು ಗುಮಾಸ್ತರು. ಎಲ್ಲರೂ ದೊಡ್ಡಪ್ಪನ ಮುಂದೆಯೇ ಒಂದೊಂದು ಒರಳನ್ನು ಆರ್ಡರ್ ಮಾಡಿದರು. ಹಲವರ ಫೋನಿನಲ್ಲಿ ಆ ಆ್ಯಪ್ ಇರಲಿಲ್ಲ. ದೊಡ್ಡಪ್ಪನ ಮಗ ಎಲ್ಲರಿಗೂ ತನ್ನ ಮನೆಯ ವೈಫೈ ಕೊಟ್ಟು ಹೊಸದಾಗಿ ಖಾತೆ ತೆರೆದುಕೊಟ್ಟ. ಕ್ವಾರ್ಟರ್ಸ್‌ಗೆ ಒಂದೇ ಗೇಟು. ಡೆಲಿವರಿ ಭಯ್ಯಾ ಒಳಗೆ ಬರುವಂತಿಲ್ಲ. ಹಾಗಾಗಿ ಎಲ್ಲರ ವಿಳಾಸವೂ ಅದೇ ಗೇಟು.

ಒರಳುಗಳು ಬಂದವು. ಅಂದು ಸಂಜೆಯೇ ಎಲ್ಲರೂ ಐದು ನಕ್ಷತ್ರ ಕೊಟ್ಟರು. ಏನು ಬರೆಯಬೇಕೆಂದು ಗೊತ್ತಾಗದವರಿಗೆ ದೊಡ್ಡಪ್ಪನೇ ಒಂದು ಸಾಲು ಹೇಳಿಕೊಟ್ಟರು: ತುಂಬಾ ಚೆನ್ನಾಗಿದೆ, ಎಲ್ಲರೂ ಕೊಳ್ಳಿ. ಅಷ್ಟೂ ಜನ ಅದನ್ನೇ ಹಾಕಿದರು.

ಫೋನು ಬಂತು. "ಮಗಳೇ, ಈಗ ನೋಡ್ತಿರು. ನಿನ್ನ ಅಂಗಡಿ ರಾಕೆಟ್ ಥರ ಹಾರತ್ತೆ."

ಎರಡು ದಿನ ಹಾರಿತು ಕೂಡ. ಮೊದಲ ಪುಟದ ಕೆಳಗಿನ ಸಾಲು. ಅಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಮೂರನೆಯ ದಿನ ಬೆಳಿಗ್ಗೆ ನಾನು ಸೇವ್ ಮಶೀನ್ ಎಂದು ಹುಡುಕಿದೆ. ಒಂದನೆಯ ಪುಟದಲ್ಲಿ ಇಲ್ಲ. ಎರಡು, ಐದು, ಒಂಬತ್ತು. ಕೊನೆಯವರೆಗೂ ಹೋದೆ. ಎಲ್ಲೂ ಇಲ್ಲ. ನೇರವಾದ ಲಿಂಕ್ ಒತ್ತಿದರೆ ಮಾತ್ರ ತೆರೆಯುತ್ತಿತ್ತು. ಅಂಗಡಿ ಇತ್ತು, ಅಂಗಡಿಗೆ ಬರುವ ಬೀದಿಯನ್ನು ಕಿತ್ತುಹಾಕಿದ್ದರು. ನಕ್ಷತ್ರಗಳೆಲ್ಲ ಹೋಗಿದ್ದವು. ನಾಗಪುರದ ಹೆಂಗಸಿನದೂ ಸೇರಿ.

ಮಧ್ಯಾಹ್ನ ಸಂದೇಶ ಬಂತು. ನಿಮ್ಮ ಉತ್ಪನ್ನಕ್ಕೆ ಅಸಹಜವಾದ ವಿಮರ್ಶೆಗಳು ಬಂದಿವೆ, ಆದ್ದರಿಂದ ಹುಡುಕಾಟದಿಂದ ತೆಗೆಯಲಾಗಿದೆ. ಒಂದೇ ವಿಳಾಸ, ಒಂದೇ ಇಂಟರ್‌ನೆಟ್, ಹೊಸ ಖಾತೆಗಳು, ಒಂದೇ ಸಂಜೆ, ಒಂದೇ ಸಾಲು. ಆ ಲೆಕ್ಕದ ಕಣ್ಣಿಗೆ ದೊಡ್ಡಪ್ಪನ ಕ್ವಾರ್ಟರ್ಸ್ ಪೂರ್ತಿ ಕಳ್ಳರ ಗುಂಪು.

ನಾನು ಮೆಟ್ರೋ ಹತ್ತಿ ದೊಡ್ಡಪ್ಪನ ಮನೆಗೆ ಹೋದೆ. ಅವರು ಡ್ಯೂಟಿ ಮುಗಿಸಿ ಬಂದು ಬಿಳಿ ಸಮವಸ್ತ್ರದಲ್ಲೇ ಕೂತಿದ್ದರು.

"ಐದು ಸ್ಟಾರ್ ಕೊಟ್ಟಿದ್ದು ತಪ್ಪಾ?"

"ತಪ್ಪಲ್ಲ ದೊಡ್ಡಪ್ಪ. ಎಲ್ರೂ ಒಟ್ಟಿಗೆ ಕೊಟ್ಟಿದ್ದು..."

"ಒಟ್ಟಿಗೆ ಕೊಡದೆ? ಮದುವೆಗೆ ಎಲ್ಲಾ ಬೇರೆ ಬೇರೆ ದಿನ ಹೋಗ್ತಾರಾ? ದುಡ್ಡು ಕೊಟ್ಟು ತಗೊಂಡಿದ್ದೀವಿ. ಸುಳ್ಳು ಹೇಳಿದ್ದೀವಾ? ಚಕ್ಕುಲಿ ಮಾಡಿ ತಿಂದಿದ್ದೀವಿ!"

ದೊಡ್ಡಮ್ಮ ಒಳಗಿನಿಂದ ಚಕ್ಕುಲಿ ಡಬ್ಬ ತಂದು ನನ್ನ ಮುಂದೆ ಇಟ್ಟಳು, ಸಾಕ್ಷಿಯೆಂಬಂತೆ. ನಾನು ಒಂದು ತೆಗೆದುಕೊಂಡೆ. ಪರಿಚಯದವರ ವಿಮರ್ಶೆ ನಡೆಯುವುದಿಲ್ಲ ಎಂಬ ನಿಯಮವೊಂದು ಎಲ್ಲೋ ಅಡಿಯಲ್ಲಿತ್ತು. ನಮಗೆ ಅಪರಿಚಿತರ ಹತ್ತಿರ ಕೊಳ್ಳುವುದೇ ಗೊತ್ತಿಲ್ಲ. ಪರಿಚಯವಿದೆ ಎಂಬ ಕಾರಣಕ್ಕೇ ಕೊಳ್ಳುವ ಜನರು ನಾವು.

ದೊಡ್ಡಪ್ಪ ಎದ್ದರು. "ಅವರಿಗೆ ಮನುಷ್ಯರು ಬೇಕು ತಾನೆ? ತೋರಿಸೋಣ." ಕ್ವಾರ್ಟರ್ಸ್‌ನ ಹಿಂದಿನ ಅಂಗಳದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಒರಳು. ಮಾಲಿಯೊಬ್ಬ ತಲೆ ಬಾಚಿಕೊಂಡು ಬಂದ. "ಅಣ್ಣಾ, ನಗಬೇಕಾ, ಬೇಡ್ವಾ?" ಎಂದು ಅಡುಗೆಯವನು ಕೇಳಿದ. "ಹಲ್ಲು ಕಾಣೋ ಹಂಗೆ ನಗು. ನಿಜವಾದ ಗಿರಾಕಿ ಅಂತ ಗೊತ್ತಾಗಲಿ" ಎಂದು ದೊಡ್ಡಪ್ಪ ಆಜ್ಞೆ ಮಾಡಿದರು. ಆ ಫೋಟೋವನ್ನೂ ಒಂದು ದೀರ್ಘ ವಿವರಣೆಯನ್ನೂ ಕಳಿಸಿದೆವು. ನನಗೆ ಬರುವ ಅತ್ಯುತ್ತಮ ಇಂಗ್ಲಿಷಿನಲ್ಲಿ ಬರೆದಿದ್ದೆ. ನಮ್ಮ ಮನೆಯಲ್ಲಿ ಅಂಥ ಪತ್ರ ಬರೆಯಬಲ್ಲವಳು ನಾನೊಬ್ಬಳೇ.

ಉತ್ತರ ಬೇಗ ಬಂತು. ವಿಮರ್ಶೆ ಬರೆದವರು ಮಾರಾಟಗಾರರಿಗೆ ಪರಿಚಿತರು ಎಂಬುದು ನೀವೇ ಕಳಿಸಿದ ದಾಖಲೆಯಿಂದ ಖಚಿತವಾಗಿದೆ, ನಿರ್ಧಾರ ಬದಲಾಗುವುದಿಲ್ಲ, ಧನ್ಯವಾದಗಳು. ಎಲ್ಲರೂ ಹಲ್ಲು ಕಾಣುವ ಹಾಗೆ ನಕ್ಕಿದ್ದ ಫೋಟೋ ಅದು.

ಅದೇ ದಿನ ಮೊದಲ ಪುಟದ ಮೊದಲ ಒರಳನ್ನು ಒತ್ತಿ ನೋಡಿದೆ. ನಮ್ಮದರದೇ ನಕಲು. ತಿರುಗಿಸುವ ಹಿಡಿ ಮಾತ್ರ ಪ್ಲಾಸ್ಟಿಕ್. ಕೆಳಗೆ ಸಾವಿರಾರು ವಿಮರ್ಶೆ. ಒಂದೊಂದಾಗಿ ಓದಿದೆ. ಬಟ್ಟೆ ಬಹಳ ಮೃದುವಾಗಿದೆ ಎಂದು ಒಬ್ಬರು. ಒಗೆದ ಮೇಲೂ ಬಣ್ಣ ಹೋಗಿಲ್ಲ ಎಂದು ಇನ್ನೊಬ್ಬರು. ಮಗುವಿಗೆ ಅಳತೆ ಸರಿಹೋಯಿತು ಎಂದು ಮತ್ತೊಬ್ಬರು. ಯಾವುದೋ ಹಳೆಯ ಬಟ್ಟೆಯ ನಕ್ಷತ್ರಗಳನ್ನು ಒರಳಿಗೆ ಅಂಟಿಸಿಕೊಂಡಿದ್ದರು. ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ, ಅದೊಂದು ಮಾಮೂಲಿ ವಿದ್ಯೆ, ಗೊತ್ತಿರಲಿಲ್ಲವಾ ಎಂದು ನಕ್ಕರು. ಬರೆದವರೆಲ್ಲ ಬೇರೆ ಬೇರೆ ಊರಿನವರು, ಬೇರೆ ಬೇರೆ ದಿನ ಬರೆದವರು. ಹಾಗಾಗಿ ಲೆಕ್ಕಕ್ಕೆ ಅದು ಸರಿ. ನಾನು ದೂರು ಕೊಟ್ಟೆ. ಪರಿಶೀಲಿಸುತ್ತೇವೆ ಎಂದರು. ಇವತ್ತಿಗೂ ಪರಿಶೀಲಿಸುತ್ತಿದ್ದಾರೆ. ಮೊದಮೊದಲು ಅದನ್ನು ನೆನೆದರೆ ನಗು ಬರುತ್ತಿತ್ತು. ಈಗ ಬರುವುದಿಲ್ಲ.

ಓದಿದರೆ ದಾರಿ ಕಾಣುತ್ತದೆ ಎಂದು ನಂಬಿ ಮೂರು ವರ್ಷ ಭಾನುವಾರಗಳನ್ನೆಲ್ಲ ಕೊಟ್ಟವಳು ನಾನು. ಮನೆಯವರೂ ನನ್ನನ್ನು ನಂಬಿದ್ದು ಅದಕ್ಕೇ. ನೀನು ಓದಿದವಳು, ನೀನು ನೋಡಿಕೋ. ಆದರೆ ಅಲ್ಲಿ ಮಾತಾಡಲು ಎದುರಿಗೆ ಯಾರೂ ಇರಲಿಲ್ಲ. ಸೇಠ್ ಆಗಿದ್ದರೆ ಜಗಳವಾಡಬಹುದಿತ್ತು. ಅಧಿಕಾರಿಯಾಗಿದ್ದರೆ ದೊಡ್ಡಪ್ಪ ಕಾರಿನ ಬಾಗಿಲು ತೆಗೆಯುವಾಗ ಒಂದು ಮಾತು ಹಾಕಬಹುದಿತ್ತು. ಯಾರದೂ ಅಲ್ಲದ ತೀರ್ಪಿಗೆ ಯಾರ ಮನೆಯ ಮುಂದೆ ಹೋಗಿ ನಿಲ್ಲುವುದು?

ದೀಪಾವಳಿ ಬಂತು, ಹೋಯಿತು. ಉಳಿದ ಡಬ್ಬಗಳನ್ನು ಚಾಚಾ ಹಾರ್ಡ್‌ವೇರ್ ಅಂಗಡಿಗಳಿಗೆ ಹೊತ್ತು ತಿರುಗಿದರು. ಲೇತನ್ನು ಮಾರುವುದಾಗಿ ಅವರಾಗಿಯೇ ಹೇಳಲಿಲ್ಲ. ಕೊಳ್ಳುವವರು ಬಂದು ಅಳತೆ ತೆಗೆಯುತ್ತಿದ್ದಾಗ ಅಪ್ಪನೇ ಹೋಗಿ ಅದಕ್ಕೆ ಎಣ್ಣೆ ಹಾಕಿಕೊಟ್ಟು ಬಂದರು. ಮಾರನೆಯ ದಿನ ಕನ್ನಡಿಯ ಮುಂದೆ ಕೂತು ತಲೆಗೆ ಕಪ್ಪು ಹಚ್ಚಿಸಿಕೊಂಡರು. ಅಮ್ಮ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಚ್ಚುತ್ತಿದ್ದಳು. ಬಿಳಿ ಕೂದಲಿನವರನ್ನು ಮಾನೇಸರ್ ಗೇಟಿನಲ್ಲಿ ಗುತ್ತಿಗೆದಾರರು ಪಕ್ಕಕ್ಕೆ ನಿಲ್ಲಿಸುತ್ತಾರೆ.

"ಅಪ್ಪ, ನಾನೂ ಬರ್ತೀನಿ. ಕಾರಿನ ವೈರಿಂಗ್ ಜೋಡಿಸೋ ಲೈನಿಗೆ ಹೆಣ್ಣುಮಕ್ಕಳನ್ನ ತಗೋತಾರಂತೆ. ಇಬ್ಬರೂ ದುಡಿದ್ರೆ ಬೇಗ ಒಂದು ಲೇತ್..."

"ಕಿವಿ ಹತ್ರ ಸರಿಯಾಗಿ ಹಚ್ಚೇ" ಎಂದು ಅಪ್ಪ ಅಮ್ಮನಿಗೆ ಹೇಳಿದರು. ನನಗೆ ಹೇಳಿದ್ದು, "ಪರೀಕ್ಷೆ ಬರಿ" ಎಂದಷ್ಟೇ.

ಬರೆದೆ. ಸಿಟ್ಟಿನಲ್ಲಿ ಬರೆದೆ. ಮಾರುಕಟ್ಟೆ ಎಂದರೇನು ಎಂಬ ಪ್ರಶ್ನೆ ಬಂದಿತ್ತು. ಪುಸ್ತಕದಲ್ಲಿದ್ದದ್ದನ್ನೇ ಬರೆದು ಎದ್ದು ಬಂದೆ. ಪಾಸಾಯಿತು. ನಮ್ಮ ಅಪ್ಪನ ಕಡೆಯಲ್ಲಾಗಲಿ ಅಮ್ಮನ ಕಡೆಯಲ್ಲಾಗಲಿ ಡಿಗ್ರಿ ಪಡೆದವರಲ್ಲಿ ನಾನೇ ಮೊದಲು. ಇದನ್ನು ಬರೆಯುವಾಗ ನನಗೆ ಸಂಕೋಚವಿಲ್ಲ. ದೊಡ್ಡಪ್ಪನಿಗೆ ಫೋನು ಮಾಡಿದೆ. "ನನ್ನ ಬಾಯಲ್ಲಿ ಬಂದಿದ್ದು ಎರಡೂ ನಿಜ ಆಗಬಾರದಿತ್ತು. ಒಂದಾದ್ರೂ ಸುಳ್ಳಾಯ್ತಲ್ಲ ಮಗಳೇ" ಎಂದರು. ನಾನೇ ಫೋನಿಟ್ಟೆ.

ಸರ್ಟಿಫಿಕೇಟನ್ನು ವಿಶ್ವವಿದ್ಯಾಲಯದ ಕಿಟಕಿಯೊಂದರಲ್ಲಿ ಕೊಟ್ಟರು. ಸಮಾರಂಭವಿರಲಿಲ್ಲ. ಗುಮಾಸ್ತ ಹೆಸರು ಕೂಗಿದ, ಸಹಿ ಹಾಕಿಸಿಕೊಂಡ, "ನೆಕ್ಸ್ಟ್" ಎಂದ. ಅಪ್ಪ ಮೂರು ವಾರದಿಂದ ಮನೆಗೆ ಬಂದಿರಲಿಲ್ಲ, ಭಾನುವಾರವೂ ಓವರ್‌ಟೈಮ್. ಮನೆಗೆ ಹೋಗುವ ಬದಲು ನಾನು ಮೆಟ್ರೋ ಬದಲಾಯಿಸಿ, ಬಸ್ಸು ಹಿಡಿದು ಮಾನೇಸರ್‌ಗೆ ಹೋದೆ.

ಪಾಳಿ ಬಿಡುವ ಹೊತ್ತು. ಗೇಟಿನ ಈಚೆ ಕೆಲಸ ಕೇಳಿಕೊಂಡು ನಿಂತವರ ಸಾಲು, ಆಚೆಯಿಂದ ಹೊರಬರುವವರ ಸಾಲು. ಅಪ್ಪ ನನ್ನನ್ನು ನೋಡಿ ಮೊದಲು ಹೆದರಿದರು. ಅಮ್ಮನಿಗೆ ಏನಾಯಿತು ಎಂದು ಕೇಳಿದರು. ನಾನು ಕವರಿನಿಂದ ತೆಗೆದು ಕೊಟ್ಟೆ. ಎರಡೂ ಕೈಯನ್ನು ಅಂಗಿಗೆ ಒರೆಸಿಕೊಂಡು, ಅಂಚಿನಲ್ಲಿ ಬೆರಳ ತುದಿಯಿಂದ ಹಿಡಿದುಕೊಂಡರು. ಇಂಗ್ಲಿಷನ್ನು ಅವರು ನಿಧಾನವಾಗಿ ಓದುತ್ತಾರೆ. ನನ್ನ ಹೆಸರು, ಅದರ ಕೆಳಗೆ ತಮ್ಮ ಹೆಸರು. ಹಿಂದಿನಿಂದ ಯಾರೋ, "ಚಲೋ ಚಲೋ, ರಾಸ್ತಾ ಛೋಡೋ" ಎಂದು ತಳ್ಳಿದರು. ಅಪ್ಪ ಜರುಗಲಿಲ್ಲ.

ಓದಿ ಮುಗಿಸಿ, ಕೆಲಸ ಕೇಳಿಕೊಂಡು ನಿಂತಿದ್ದ ಹುಡುಗಿಯರ ಸಾಲನ್ನು ಒಂದು ಸಲ ನೋಡಿದರು. ಸರ್ಟಿಫಿಕೇಟನ್ನು ನನ್ನ ಕೈಗೆ ವಾಪಸ್ ಕೊಟ್ಟರು.

"ಈ ಗೇಟಲ್ಲಿ ಡಿಗ್ರಿ ಇರೋರನ್ನ ತಗೊಳ್ಳಲ್ಲ ಕಣಮ್ಮ. ಕೇಳಿದ್ದೀನಿ. ಇನ್ನು ನೀನು ಬರ್ತೀನಿ ಅಂದ್ರೂ ಒಳಗೆ ಬಿಡಲ್ಲ."